ಕರಿಮಣ್ಣಿನ ಬಂಧುವಿನ ಬೆಳಕು

ಮಿರಗದ ಮೊದಲ ಮಳೆ ಬಿದ್ದ ಸಂಜೆ. ಯಡೂರಿನ ಹೊಲಗಳಿಂದೆದ್ದ ಮಣ್ಣಿನ ವಾಸನೆ ಕೃಷ್ಣೆಯ ದಂಡೆಯವರೆಗೂ ಹಬ್ಬಿದೆ. ವೀರಭದ್ರ ದೇವರ ದರ್ಶನ ಮುಗಿಸಿ ಬಂದವರು ಗಳಿಗೆಹೊತ್ತು ನಿಂತು ಉಸಿರು ತುಂಬಿಕೊಳ್ಳುತ್ತಾರೆ. ಕಬ್ಬಿನ ಸಾಲುಗಳ ನಡುವಿನ ಕರಿಮಣ್ಣು ಇನ್ನೂ ಪೂರ್ತಿ ನೆನೆದಿಲ್ಲ. ಮುಂದೆ ಹೊಳೆ ತುಂಬಿದರೆ ಕಲ್ಲೋಳ–ಯಡೂರು ಬ್ಯಾರೇಜೂ ನೀರಲ್ಲಿ ಮುಳುಗುತ್ತದೆ.

ಈ ಮಣ್ಣಿನ ವಾಸನೆಯನ್ನು ಹುಟ್ಟಿಸುವ ಜೀವಿಗಳಲ್ಲಿ ಮುಖ್ಯವಾದವು ಸ್ಟ್ರೆಪ್ಟೋಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು. ಅದೇ ಕುಲದ ಸ್ಟ್ರೆಪ್ಟೋಮೈಸಿಸ್ ಅವಿಡಿನೈ ಎಂಬ ಪ್ರಭೇದದಲ್ಲಿ 1960ರ ದಶಕದಲ್ಲಿ ಒಂದು ಪ್ರೋಟೀನ್ ಸಿಕ್ಕಿತು. ಅದೇ ಸ್ಟ್ರೆಪ್ಟಾವಿಡಿನ್. ಬಯೋಟಿನ್, ಅಂದರೆ ಬಿ7 ಜೀವಸತ್ವ, ಎದುರಾದರೆ ಸ್ಟ್ರೆಪ್ಟಾವಿಡಿನ್ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಅಣುವಿಗೆ ನಾಲ್ಕು ಬಯೋಟಿನ್ ಹಿಡಿಯುವ ಶಕ್ತಿ. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್‌ಗೂ ಈ ಗುಣವಿದೆ. ಆದರೆ ಅದು ಸಿಕ್ಕಸಿಕ್ಕ ಕೋಶಗಳಿಗೂ ಅಂಟುತ್ತದೆ, ಸ್ಟ್ರೆಪ್ಟಾವಿಡಿನ್ ಅಷ್ಟು ಅಂಟುವುದಿಲ್ಲ.

ಈ ಹಿಡಿತ ಹೇಗೆ ಕೆಲಸಕ್ಕೆ ಬರುತ್ತದೆ ಎಂದು ನೋಡಲು ಈಗ ಬೆಂಗಳೂರಿನ ಒಂದು ಸಂಶೋಧನಾಲಯಕ್ಕೆ ಬನ್ನಿ. ಮಂಜುಗಡ್ಡೆಯ ಡಬ್ಬಿಯಲ್ಲಿ ಸಣ್ಣ ಟ್ಯೂಬುಗಳು. ಒಳಗೆ ಇಲಿಯ ಅಸ್ಥಿಮಜ್ಜೆಯ ಕೋಶಗಳು. ಹುಡುಕಾಟ ರಕ್ತದ ಕಾಂಡಕೋಶಕ್ಕಾಗಿ, ಅಂದರೆ ರಕ್ತದ ಕೋಶಗಳೆಲ್ಲ ಹುಟ್ಟುವ ಮೂಲಕೋಶಕ್ಕಾಗಿ. ಟಿ ಕೋಶ, ಬಿ ಕೋಶ, ಕೆಂಪು ರಕ್ತಕಣ ಮುಂತಾದ ಬೆಳೆದ ಕೋಶಗಳನ್ನು ಗುರುತಿಸುವ ಹಲವು ಪ್ರತಿಕಾಯಗಳನ್ನು ಮೊದಲು ಹಾಕುತ್ತಾರೆ. ಎಲ್ಲಕ್ಕೂ ಬಯೋಟಿನ್ ಅಂಟಿಸಿರುತ್ತಾರೆ. ತೊಳೆದ ಮೇಲೆ ಬಣ್ಣ ಕಟ್ಟಿದ ಸ್ಟ್ರೆಪ್ಟಾವಿಡಿನ್ ಬೆರೆಸಿ, ಬೆಳಕು ತಾಗದಂತೆ ಅರ್ಧ ಗಂಟೆ ಇಟ್ಟು, ಮತ್ತೆ ತೊಳೆಯುತ್ತಾರೆ. ಬಣ್ಣ ಹೆಚ್ಚಾಗಿ ಫೈಕೋಎರಿಥ್ರಿನ್, ಸಮುದ್ರದ ಕೆಂಪು ಪಾಚಿಯಿಂದ ಬಂದದ್ದು. ಬೇರೆ ಬಣ್ಣ ಬೇಕಾದರೆ ಪ್ರತಿಕಾಯ ಬದಲಿಸಬೇಕಿಲ್ಲ, ಸ್ಟ್ರೆಪ್ಟಾವಿಡಿನ್ ಬದಲಿಸಿದರಾಯಿತು.

ಆಮೇಲೆ ಫ್ಲೋ ಸೈಟೋಮೀಟರ್ ಎಂಬ ಯಂತ್ರದೊಳಗೆ ಕೋಶಗಳು ಜಾತ್ರೆಯ ಸರತಿಯಲ್ಲಿ ನಿಂತವರಂತೆ ಒಂದರ ಹಿಂದೊಂದು ಸಾಗುತ್ತವೆ, ಸೆಕೆಂಡಿಗೆ ಸಾವಿರಾರು. 488 ನ್ಯಾನೋಮೀಟರಿನ ನೀಲಿ ಲೇಸರ್ ತಾಗಿದಾಗ ಬಣ್ಣ ಹೊತ್ತ ಕೋಶ ಕಿತ್ತಳೆ-ಹಳದಿಯಾಗಿ ಹೊಳೆಯುತ್ತದೆ. ಪರದೆಯ ಮೇಲೆ ಚುಕ್ಕೆಗಳ ಮೋಡ ಮೂಡುತ್ತದೆ. ಹೊಳೆದವೆಲ್ಲ ಬೆಳೆದ ಕೋಶಗಳು. ಹುಡುಕುತ್ತಿರುವುದು ಹೊಳೆಯದೆ ಉಳಿದ ಕೆಲವುಗಳ ನಡುವೆ ಇದೆ. ಹೀಗೆ ಬೆಳೆದವನ್ನು ಬದಿಗಿಟ್ಟು, ಉಳಿದವುಗಳಲ್ಲಿ ಬೇರೆ ಗುರುತುಗಳನ್ನೂ ನೋಡಿ, 1988ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಇಲಿಯ ಕಾಂಡಕೋಶಗಳನ್ನು ಬೇರ್ಪಡಿಸಿದರು. ಅವು ಮಜ್ಜೆಯ ಶೇ 0.05ರಷ್ಟು ಮಾತ್ರ.

ಇಷ್ಟು ವಿರಳವಾದದ್ದನ್ನು ಹುಡುಕುವಾಗ ಸಣ್ಣ ಅಜಾಗರೂಕತೆಯೂ ದುಬಾರಿ. ಕೋಶ ಬೆಳೆಸುವ ಆರ್‌ಪಿಎಂಐ ದ್ರಾವಣದಲ್ಲೇ ಬಯೋಟಿನ್ ಇದೆ. ಅದು ಉಳಿದುಕೊಂಡರೆ ಸ್ಟ್ರೆಪ್ಟಾವಿಡಿನ್ ಅದನ್ನೇ ಹಿಡಿದು, ಪ್ರತಿಕಾಯವನ್ನು ಬಿಟ್ಟುಬಿಡುತ್ತದೆ. ಬೆಳೆದ ಕೋಶವೂ ಆಗ ಹೊಳೆಯದೆ ಕಾಂಡಕೋಶದ ವೇಷ ತೊಡುತ್ತದೆ. ಆದ್ದರಿಂದ ಬಯೋಟಿನ್ ಇಲ್ಲದ ಉಪ್ಪಿನ ಬಫರಿನಲ್ಲೇ ತೊಳೆಯಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಜೀವವಿಜ್ಞಾನ ಕಲಿಯಲು ಹೊರಟ ಮಕ್ಕಳಿಗೆ ಒಂದು ಮಾತು: ಪ್ರತಿ ಪ್ರಯೋಗದಲ್ಲೂ ಪ್ರತಿಕಾಯ ಹಾಕದೆ ಸ್ಟ್ರೆಪ್ಟಾವಿಡಿನ್ ಮಾತ್ರ ಹಾಕಿದ ಒಂದು ಟ್ಯೂಬ್ ಇಡಿ. ಆ ಟ್ಯೂಬೇ ಹೊಳೆದರೆ ಉಳಿದ ಟ್ಯೂಬುಗಳ ಹೊಳಪನ್ನು ನಂಬಬೇಡಿ.