ಮಿದುಳಿನ ಉರಿಯೂತ ಮತ್ತು ಗ್ಲಿಯಾ ಕೋಶಗಳು

ಹೆಗ್ಗರಣೆಯ ಸುತ್ತಿನ ಅಡಕೆ ಬೆಳೆಗಾರರು ತರಗೆಲೆಗಾಗಿ ಸೊಪ್ಪಿನ ಬೆಟ್ಟಕ್ಕೆ ಹೋಗುವುದು ವಾಡಿಕೆ. ಅಲ್ಲಿ ಮಂಗ ಸತ್ತು ಬಿದ್ದಿದ್ದರೆ ಅಂಜಲು ಕಾರಣವುಂಟು. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಕಾಣಿಸಿಕೊಂಡಿದೆ. ಉಣುಗಿನ ಕಡಿತದಿಂದ ಬರುವ ಈ ಜ್ವರವು ಇಳಿದ ಒಂದೆರಡು ವಾರಗಳ ಮೇಲೆ ಕೆಲವರಲ್ಲಿ ಮರುಕಳಿಸುತ್ತದೆ. ಆಗ ತೀವ್ರ ತಲೆನೋವು, ಕುತ್ತಿಗೆಯ ಬಿಗಿತ, ನಡುಕ, ಬುದ್ಧಿಭ್ರಮೆಗಳು ತೋರುತ್ತವೆ. ಬಾಧೆಯು ಮಿದುಳಿಗೂ ಅದರ ಪೊರೆಗಳಿಗೂ ತಟ್ಟಿದುದರ ಕುರುಹುಗಳಿವು.

ಮಿದುಳಿನಲ್ಲಿ ನರಕೋಶಗಳಷ್ಟೇ ಅಲ್ಲ, ಗ್ಲಿಯಾ ಕೋಶಗಳೂ ಇವೆ. ಗ್ರೀಕ್ ಭಾಷೆಯಲ್ಲಿ ಗ್ಲಿಯಾ ಎಂದರೆ ಅಂಟು. 1856ರಲ್ಲಿ ಜರ್ಮನಿಯ ವಿರ್ಖೋ ಇಟ್ಟ ಈ ಹೆಸರು ಅವಕ್ಕೆ ಅನ್ಯಾಯವನ್ನೇ ಮಾಡಿತೆನ್ನಬೇಕು. ಇವುಗಳಲ್ಲಿ ನಕ್ಷತ್ರದಾಕಾರದ ಕೋಶಗಳ ತೋಳುಗಳು ಒಂದಕ್ಕೊಂದು ತಾಗುವೆಡೆಯಲ್ಲಿ ಅತಿಸೂಕ್ಷ್ಮ ನಾಳಗಳಿವೆ. ನರಕೋಶಗಳು ಹೊರಚೆಲ್ಲಿದ ಪೊಟ್ಯಾಸಿಯಂ, ತೋಟದ ಹೆಚ್ಚಿನ ನೀರು ಬಸಿಗಾಲುವೆಯಲ್ಲಿ ಹರಿದುಹೋಗುವಂತೆ, ಈ ಹಾದಿಯಲ್ಲಿ ಹಂಚಿಹೋಗುತ್ತದೆ. ಕ್ಯಾಲ್ಸಿಯಂನ ಅಲೆಗಳ ರೂಪದಲ್ಲಿ ಸುದ್ದಿಯೂ ಕೋಶದಿಂದ ಕೋಶಕ್ಕೆ ಸಾಗುತ್ತದೆ.

ವೈರಸ್ಸು ಮಿದುಳನ್ನು ಹೊಕ್ಕಾಗ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಕೆರಳಿ, ಇಂಟರ್‌ಲ್ಯೂಕಿನ್ ಮೊದಲಾದ ರಾಸಾಯನಿಕ ಸಂಕೇತಗಳನ್ನು ಹೊರಬಿಡುತ್ತವೆ. ಶತ್ರುವನ್ನು ಹತ್ತಿಕ್ಕಲು ಇವು ಬೇಕೇ ಬೇಕು. ಆದರೆ ಇವು ಮಿತಿಮೀರಿದರೆ ನಕ್ಷತ್ರಕೋಶಗಳ ನಡುವಣ ನಾಳಗಳು ಮುಚ್ಚತೊಡಗುತ್ತವೆ. ಹೊರಗೋಡೆಯಲ್ಲಿನ ರಂಧ್ರಗಳೋ ತೆರೆದು ಸೋರುತ್ತವೆ. ನೆರೆಕೋಶಕ್ಕೆ ಮುಟ್ಟಬೇಕಾದ ಸುದ್ದಿ ಅಲ್ಲಿಯೇ ನಿಲ್ಲುತ್ತದೆ. ಮಡುಗಟ್ಟಿದ ಪೊಟ್ಯಾಸಿಯಮ್ಮೂ ಸೋರಿದ ಗ್ಲುಟಮೇಟೂ ಸೇರಿ ನರಕೋಶಗಳನ್ನು ಅತಿಯಾಗಿ ಉದ್ರೇಕಿಸುತ್ತವೆ. ಮಿದುಳಿನ ಉರಿಯೂತದಲ್ಲಿ ರೋಗಿಗೆ ಸೆಳವು ಬರುವುದಕ್ಕೆ ಇದೂ ಒಂದು ಕಾರಣವೆಂದು ವಿಜ್ಞಾನಿಗಳು ಎಣಿಸುತ್ತಾರೆ.