ಬಹುಕಾಲದ ಖಿನ್ನತೆ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಅಡಿಕೆಗೆ ಕೊಳೆ ಬಾರದಂತೆ ಮಳೆಗಾಲಕ್ಕೆ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಬೇಕು, ಕಾಂಡಕೊರಕ ಬಿದ್ದ ಕಾಫಿ ಗಿಡವನ್ನು ಕಿತ್ತು ಸುಡಬೇಕು ಎಂಬುದನ್ನು ನಮ್ಮ ಬೆಳೆಗಾರ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ತೋಟ ನೋಡಿಕೊಳ್ಳುವವರ ಮನಸ್ಸಿಗೇ ರೋಗ ತಗುಲಿದರೆ ಏನು ಮಾಡಬೇಕು? ಈ ಪ್ರಶ್ನೆ ಬಂದಾಗ ನಾವು, 'ಏನೋ ಬೇಸರ, ತಾನೇ ಹೋಗುತ್ತದೆ' ಎಂದು ಸುಮ್ಮನಾಗುತ್ತೇವೆ.

ಬೇಸರ ಬೇರೆ, ಖಿನ್ನತೆ ಬೇರೆ. ಧಾರಣೆ ಕುಸಿದಾಗ, ಫಸಲು ಕೈಕೊಟ್ಟಾಗ ನಾಲ್ಕು ದಿನ ಮನಸ್ಸು ಕುಗ್ಗುವುದು ಸಹಜ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಮಂಕು ಕವಿದು, ನಿದ್ರೆ ಮತ್ತು ಹಸಿವು ಕೆಟ್ಟು, ಯಾವ ಕೆಲಸಕ್ಕೂ ಕೈ ಏಳದಿದ್ದರೆ ಅದು ಖಿನ್ನತೆ. ಕೆಲವರಲ್ಲಿ ಇದು ತೀವ್ರವಾಗದೆ ಎರಡು ವರ್ಷಕ್ಕೂ ಮೀರಿ ಸಣ್ಣಗೆ ಎಳೆಯುತ್ತದೆ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, 20 ವಯಸ್ಕರಲ್ಲಿ ಒಬ್ಬರಿಗೆ ಜೀವಿತದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅಂಥವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಮಿದುಳಿನಲ್ಲಿ ಆಗುವುದೇನು?

ಚಿಂತೆ ಹೆಚ್ಚಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸ ಸ್ರವಿಸುತ್ತದೆ. ಅಪಾಯದ ಗಳಿಗೆಯಲ್ಲಿ ಅದು ಬೇಕಾದದ್ದೇ. ಆದರೆ ತಿಂಗಳುಗಟ್ಟಲೆ ಅದರ ಮಟ್ಟ ಇಳಿಯದಿದ್ದರೆ ಮಿದುಳಿಗೆ ಕೇಡು.

ನರಕೋಶಗಳಿಗೂ ಗಿಡಗಳಂತೆ ರೆಂಬೆಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳ ಮೇಲೆ ಪ್ರಯೋಗ ಮಾಡಿ 2002ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ದಿನವೂ ಒತ್ತಡಕ್ಕೆ ಸಿಕ್ಕಿದ ಇಲಿಗಳಲ್ಲಿ, ನೆನಪಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ಭಾಗದ ರೆಂಬೆಗಳು ಕುಗ್ಗಿದ್ದವು. ಭಯವನ್ನು ಕಾಯುವ ಅಮಿಗ್ಡಲ ಭಾಗದ ರೆಂಬೆಗಳು ಹಬ್ಬಿದ್ದವು. ಮೂರು ವಾರ ವಿಶ್ರಾಂತಿ ಕೊಟ್ಟ ಮೇಲೂ ಭಯದ ರೆಂಬೆಗಳು ಹಾಗೆಯೇ ಉಳಿದವೆಂದು 2004ರಲ್ಲಿ ಅದೇ ತಂಡ ತಿಳಿಸಿತು. ಒತ್ತಡ ಹೋದರೂ ಅಂಜಿಕೆ ಉಳಿಯುವುದೇಕೆ ಎಂಬುದಕ್ಕೆ ಇದರಲ್ಲಿ ಒಂದು ಸುಳಿವಿದೆ.

ಇದು ಇಲಿಗಳ ಮಾತಾಯಿತು. ಮನುಷ್ಯರ ವಿಷಯದಲ್ಲಿ, ಸುಮಾರು 1,700 ರೋಗಿಗಳ ಮಿದುಳಿನ ಚಿತ್ರಗಳನ್ನು 7,000ಕ್ಕೂ ಹೆಚ್ಚು ಆರೋಗ್ಯವಂತರ ಚಿತ್ರಗಳೊಡನೆ ಹೋಲಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದು 2015ರಲ್ಲಿ ಹೊರಬಂತು. ಖಿನ್ನತೆ ಮತ್ತೆ ಮತ್ತೆ ಬಂದವರಲ್ಲಿ ಹಿಪ್ಪೋಕ್ಯಾಂಪಸ್ ತುಸು ಚಿಕ್ಕದಾಗಿತ್ತು. ಮೊದಲ ಸಲ ಬಂದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಮೊದಲ ಸಲವೇ ಎಚ್ಚರ ವಹಿಸಬೇಕೆನ್ನಲು ಇದೂ ಒಂದು ಕಾರಣ. ಒಮ್ಮೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಎರಡು ಸಲ ಬಂದವರಲ್ಲಿ 100ಕ್ಕೆ ಸುಮಾರು 70 ಮಂದಿಗೆ ಅದು ಮರುಕಳಿಸುತ್ತದೆ.

ಭಾವನೆಗಳು ಬತ್ತುವ ಬಗೆ

ಬಹುಕಾಲದ ಖಿನ್ನತೆ ಎಂದರೆ ಸದಾ ಅಳು ಎಂದು ತಿಳಿಯಬಾರದು. ಎಷ್ಟೋ ವೇಳೆ ಅಳುವೂ ಬಾರದು. ಫಸಲು ಚೆನ್ನಾಗಿ ಬಂದರೂ ಹಿಗ್ಗಿಲ್ಲ, ಮಗಳು ತವರಿಗೆ ಬಂದರೂ ಮಾತಿಲ್ಲ. ಸಣ್ಣ ಮಾತಿಗೆ ಸಿಡುಕು. ಮರೆವು ಹೆಚ್ಚುತ್ತದೆ, ಲೆಕ್ಕ ತಪ್ಪುತ್ತದೆ. ಗೊಬ್ಬರ ಇಂದು ಹಾಕಲೋ ನಾಳೆ ಹಾಕಲೋ ಎಂಬ ಸಣ್ಣ ತೀರ್ಮಾನವೂ ಬೆಟ್ಟವಾಗುತ್ತದೆ. ಮನೆಯವರು ಇದನ್ನು ಸೋಮಾರಿತನವೆಂದೋ ಅಹಂಕಾರವೆಂದೋ ಎಣಿಸಿ ಜರೆಯುವುದುಂಟು. ಅದರಿಂದ ರೋಗಿ ಇನ್ನಷ್ಟು ಒಳಸರಿಯುತ್ತಾನೆ.

ಬಳ್ಳಾರಿ ಕಲಿಸಿದ ಪಾಠ

ಚಳ್ಳಕೆರೆಯ ಕುದಾಪುರದ ಕಡೆ ಶೇಂಗಾ ಬೆಳೆಯುವವನಿಗೆ ಮಳೆ ಬಾರದ ಚಿಂತೆ. ಮಲೆನಾಡಿನ ನಮಗೆ ಮಳೆ ನಿಲ್ಲದ ಚಿಂತೆ. ಮಿದುಳಿಗೆ ಎರಡೂ ಒಂದೇ. ಆ ಸೀಮೆಯ ಮೊಳಕಾಲ್ಮೂರು ದಾಟಿದರೆ ಸಿಗುವ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದ ಮಧ್ಯಭಾಗದಿಂದ ನಿಮ್ಹಾನ್ಸ್ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಔಷಧಿಗಳು ಹಳ್ಳಿಯ ಸಮೀಪವೇ ದೊರೆಯುವಂತೆ ಮಾಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮನಸ್ಸಿನ ಕಾಯಿಲೆಗೆ ದೂರದ ದೊಡ್ಡಾಸ್ಪತ್ರೆಯೇ ಆಗಬೇಕೆಂದಿಲ್ಲ ಎಂಬುದನ್ನು ಬಳ್ಳಾರಿ ತೋರಿಸಿಕೊಟ್ಟಿತು.

ನಾವು ಮಾಡಬೇಕಾದ್ದು

ಮೊದಲು ಹತ್ತಿರದ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ಕೊರತೆ, ರಕ್ತಹೀನತೆಗಳೂ ಇದೇ ಲಕ್ಷಣ ತೋರುವುದರಿಂದ ಪರೀಕ್ಷೆ ಅಗತ್ಯ. ಔಷಧಿಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾಯಿತೆಂದು ಅರ್ಧಕ್ಕೆ ಬಿಡಬಾರದು. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ಆಪ್ತಸಲಹೆ, ದಿನದ ನಡಿಗೆ, ನಿಯಮಿತ ನಿದ್ರೆ ಇವೂ ಚಿಕಿತ್ಸೆಯ ಭಾಗಗಳೇ. ಮದ್ಯ ಮನಸ್ಸನ್ನು ಮತ್ತಷ್ಟು ಕುಗ್ಗಿಸುತ್ತದೆ.

ಮನೆಯಲ್ಲಿ ಯಾರಾದರೂ 'ಬದುಕಿ ಏನು ಪ್ರಯೋಜನ' ಎಂದರೆ ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿಟ್ಟು, ಕೀಲಿ ಬೇರೆಯವರ ಕೈಯಲ್ಲಿರಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸಂಖ್ಯೆ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸರಿಯಾದ ಆರೈಕೆ ಸಿಕ್ಕರೆ ಮಿದುಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೆ ತಡವಾದಷ್ಟೂ ದಾರಿ ದೂರ. ಆದ್ದರಿಂದ ಸದಸ್ಯರು ಸಂಕೋಚ ಬಿಟ್ಟು ಮೊದಲ ಲಕ್ಷಣ ಕಂಡಾಗಲೇ ವೈದ್ಯರನ್ನು ಕಾಣಲಿ, ನೆರೆತೋಟದವರು ಕೆಲದಿನ ಮುಖ ತೋರಿಸದಿದ್ದರೆ ಹೋಗಿ ವಿಚಾರಿಸಲಿ ಎಂಬುದು ನಮ್ಮ ಬಿನ್ನಹ.