ಮಾಟುಂಗಾ: ಮಹಿಳೆಯರು ಹೊಣೆ ಹೊತ್ತ ನಿಲ್ದಾಣ

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ 34 ಕಿಲೋಮೀಟರ್ ದೂರದ ಥಾಣೆಗೆ ಸಂಚರಿಸಿತು. ಈ ಐತಿಹಾಸಿಕ ಮಾರ್ಗದಲ್ಲಿ, ದಾದರ್ ಮತ್ತು ಸಯನ್ ನಿಲ್ದಾಣಗಳ ನಡುವೆ, ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣವಿದೆ.

ಬಡಾವಣೆಯ ಬೆಳವಣಿಗೆ

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಹಬ್ಬಿ ಅಪಾರ ಪ್ರಾಣಹಾನಿಯಾಯಿತು. ನಗರದ ಇಕ್ಕಟ್ಟನ್ನು ಕಡಿಮೆ ಮಾಡಲು 1898ರಲ್ಲಿ ನಗರ ಸುಧಾರಣಾ ಮಂಡಲಿಯನ್ನು ಸ್ಥಾಪಿಸಲಾಯಿತು. ಅದರ ಯೋಜನೆಯಂತೆ ದಾದರ್ ಮತ್ತು ಮಾಟುಂಗಾದಲ್ಲಿ ಅಗಲವಾದ ರಸ್ತೆಗಳುಳ್ಳ ವಸತಿ ಬಡಾವಣೆಗಳು ರೂಪುಗೊಂಡವು. 1915ರಲ್ಲಿ ಇಲ್ಲಿ ರೈಲ್ವೆ ಗಾಡಿಗಳ ಕಾರ್ಯಾಗಾರವೂ ಆರಂಭವಾಯಿತು. ದಕ್ಷಿಣ ಭಾರತದಿಂದ ಉದ್ಯೋಗವನ್ನರಸಿ ಬಂದ ಅನೇಕ ಕುಟುಂಬಗಳು ಇಲ್ಲಿ ನೆಲೆಸಿದವು. ಕನ್ನಡಿಗರ ಮೈಸೂರು ಅಸೋಸಿಯೇಷನ್ ಇರುವುದೂ ಮಾಟುಂಗಾದಲ್ಲಿಯೇ.

ಹೊಸಬರು ಒಂದು ಅಂಶವನ್ನು ಗಮನಿಸಬೇಕು. ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್ ಹಾಗೂ ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್ ಸಮೀಪದಲ್ಲಿದ್ದರೂ ಅವು ಬೇರೆ ನಿಲ್ದಾಣಗಳು.

ಹೊಸ ಹೆಜ್ಜೆ

2017ರ ಜುಲೈ ತಿಂಗಳಲ್ಲಿ ಮಾಟುಂಗಾ ನಿಲ್ದಾಣದ ಸಂಪೂರ್ಣ ಹೊಣೆಯನ್ನು ಮಹಿಳೆಯರಿಗೆ ವಹಿಸಲಾಯಿತು. ಈ ಬಗೆಯ ವ್ಯವಸ್ಥೆಯನ್ನು ಪಡೆದ ದೇಶದ ಮೊದಲ ಉಪನಗರ ನಿಲ್ದಾಣವೆಂದು ಇದು 2018ರ ಲಿಮ್ಕಾ ದಾಖಲೆಗಳ ಪುಸ್ತಕದಲ್ಲಿ ಸ್ಥಾನ ಪಡೆಯಿತು. ನಿಲ್ದಾಣದ ಮೇಲ್ವಿಚಾರಣೆ, ಟಿಕೆಟು ವಿತರಣೆ ಮತ್ತು ತಪಾಸಣೆ, ಪ್ರಕಟಣೆ, ರಕ್ಷಣಾ ಕಾರ್ಯ ಮುಂತಾದ ಕರ್ತವ್ಯಗಳಿಗೆ ಸುಮಾರು 40 ಮಹಿಳೆಯರು ನಿಯುಕ್ತರಾದರು. ರಾತ್ರಿ ಪಾಳಿಯ ಕೆಲಸವೂ ಇದರಲ್ಲಿ ಸೇರಿತ್ತು.

ಈ ಹೊಣೆ ಸಣ್ಣದಲ್ಲ. ಹಳಿಗಳ ದುರಸ್ತಿಗಾಗಿ ಕೆಲವು ಭಾನುವಾರಗಳಂದು ವೇಗದ ಲೋಕಲ್ ಗಾಡಿಗಳನ್ನು ಮಾಟುಂಗಾ ಮತ್ತು ಮುಲುಂಡ್ ನಡುವೆ ನಿಧಾನಗತಿಯ ಮಾರ್ಗಕ್ಕೆ ತಿರುಗಿಸುವುದುಂಟು. ಅಂತಹ ದಿನ ಪ್ರಕಟಣೆಯಲ್ಲಿ ತಪ್ಪಾದರೆ ಜನರು ಗೊಂದಲಕ್ಕೀಡಾಗಿ ಪ್ಲಾಟ್‌ಫಾರಂನಿಂದ ಪ್ಲಾಟ್‌ಫಾರಂಗೆ ಧಾವಿಸಬೇಕಾಗುತ್ತದೆ. ದಕ್ಷತೆಗೆ ಸ್ತ್ರೀ-ಪುರುಷ ಭೇದವಿಲ್ಲ, ಬೇಕಾದುದು ತರಬೇತಿ ಮತ್ತು ಅವಕಾಶ ಎಂಬುದನ್ನು ಮಾಟುಂಗಾ ತೋರಿಸಿಕೊಟ್ಟಿದೆ. 2018ರ ಫೆಬ್ರವರಿಯಲ್ಲಿ ಜೈಪುರದ ಗಾಂಧಿನಗರ ನಿಲ್ದಾಣವನ್ನೂ ಮಹಿಳಾ ಸಿಬ್ಬಂದಿಗೆ ಒಪ್ಪಿಸಲಾಯಿತು.

ಪ್ರಯಾಣಿಕರ ಸಹಕಾರ

ಸಿಬ್ಬಂದಿ ಎಷ್ಟೇ ಎಚ್ಚರದಿಂದಿದ್ದರೂ ಪ್ರಯಾಣಿಕರ ಸಹಕಾರವಿಲ್ಲದೆ ಸುರಕ್ಷತೆ ಸಾಧ್ಯವಿಲ್ಲ. ಅನುಮತಿಯಿಲ್ಲದೆ ಹಳಿ ದಾಟುವುದು 1989ರ ರೈಲ್ವೆ ಅಧಿನಿಯಮದ 147ನೆಯ ಕಲಮಿನ ಪ್ರಕಾರ ಅಪರಾಧ. ಇದಕ್ಕೆ 6 ತಿಂಗಳವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಂಡವನ್ನು ತೆರಬಹುದು, ಕಳೆದುಹೋದ ಜೀವವನ್ನು ಮರಳಿ ಪಡೆಯಲಾಗದು. ಆದುದರಿಂದ ಮೇಲ್ಸೇತುವೆಯನ್ನೇ ಬಳಸುವುದು ಎಲ್ಲ ಪ್ರಯಾಣಿಕರ ಕರ್ತವ್ಯ.